ಕಪ್ಪು ಪರದೆಯ ಖಾತೆ ಬದಲಾವಣೆ

ಸರ್ಜಾಪುರದ ಕಡೆ ಜಮೀನು ಇಟ್ಟುಕೊಂಡವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಿಲ್ಲ: ಜಮೀನು ಬೇರೆ, ಅದರ ಕಾಗದ ಬೇರೆ. ರಾಗಿ ಬೆಳೆದ ಹೊಲ ಎಲ್ಲಿತ್ತೋ ಅಲ್ಲೇ ಬಿದ್ದಿರುತ್ತದೆ. ಅಜ್ಜನಿಂದ ಮಕ್ಕಳಿಗೆ, ಮಕ್ಕಳಿಂದ ಲೇಔಟ್ ಮಾಡುವವನಿಗೆ, ಅವನಿಂದ ಮಹಡಿ ಮೇಲೆ ಮಹಡಿ ಎಬ್ಬಿಸುವ ಕಂಪನಿಗೆ ಓಡಾಡುವುದು ಖಾತೆ ಮಾತ್ರ. ಆನೇಕಲ್ ತಾಲ್ಲೂಕಿನ ಈ ಹೋಬಳಿಯಲ್ಲಿ ಐಟಿ ಬಂದ ಮೇಲೆ ಸವೆದ ಚಪ್ಪಲಿಗಳಲ್ಲಿ ಬಹುಪಾಲು ಸವೆದದ್ದು ಈ ಕಾಗದದ ಹಿಂದೆಯೇ.

ಇಷ್ಟು ಗೊತ್ತಿದ್ದವರಿಗೆ ಕಂಪ್ಯೂಟರಿನಲ್ಲಿ ಫೈಲು ನಿಭಾಯಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಬಂದಂತೆಯೇ ಎಂಬುದು ನನ್ನ ವಾದ. ಉಳಿದ ಕಾಲು ಪಾಲು ಹತ್ತು ಹನ್ನೆರಡು ಪುಟ್ಟ ಕಮಾಂಡುಗಳು. ಅವನ್ನು ಕಲಿಸುವವರು ಮಾತ್ರ ಉರು ಹೊಡೆಸುತ್ತಾರೆ. ಇದು ಪ್ರತಿ ಮಾಡಲು, ಇದು ಅಳಿಸಲು, ಇದು ಸಾಗಿಸಲು ಎಂದು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕಡತವೇ ಬೇರೆ, ಕಡತದ ಹೆಸರೇ ಬೇರೆ ಎಂಬ ಮೂಲಪಾಠವನ್ನು ಹೇಳುವುದೇ ಇಲ್ಲ. ಕಲಿತವನು ಒಂದು ದಿನ ಏನನ್ನೋ ಅಳಿಸಿಕೊಂಡು, ಈ ಕಪ್ಪು ಪರದೆಯ ಸಹವಾಸವೇ ಬೇಡ ಎಂದು ಮೌಸಿಗೆ ಮರಳುತ್ತಾನೆ.

ಬೇಡ ಎಂದರೂ ಬಿಡದ ಕಾಲ ಇದು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ 2000ದ ಹೊತ್ತಿಗೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಆಮೇಲೆ ಇಸಿ, ಈಗ ಇ-ಖಾತೆ, ನಡುವೆ ಕ್ರಯಪತ್ರದ ಸ್ಕ್ಯಾನು, ವಂಶವೃಕ್ಷದ ಸ್ಕ್ಯಾನು. ಯಾವ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದರೂ ಕಂಪ್ಯೂಟರಿನ ಮುಖಪರದೆಯ ಮೇಲೆ ಇರುವೆ ಮುತ್ತಿದ ಹಾಗೆ ಫೈಲುಗಳು: ಸ್ಕ್ಯಾನ್ 0001, ಸ್ಕ್ಯಾನ್ 0002, ನ್ಯೂ ಫೋಲ್ಡರ್, ಇನ್ನೊಂದು ನ್ಯೂ ಫೋಲ್ಡರ್, ‘ಫೈನಲ್’, ‘ಫೈನಲ್ ಹೊಸದು’. ಗಿರಾಕಿ ಬಂದು ಹೋದ ವಾರ ಮಾಡಿಸಿದ್ದು ಎಂದರೆ ಹುಡುಕಾಟ ಶುರು. ಆಗರ, ಬೆಳ್ಳಂದೂರು, ದೊಡ್ಡಕನ್ನಲ್ಲಿ ದಾಟಿ ದೊಮ್ಮಸಂದ್ರದ ಮೇಲೆ ಊರಿಗೆ ಬರುವ ಇದೇ ಸರ್ಜಾಪುರ ರಸ್ತೆಯಲ್ಲಿ ವಿಪ್ರೊದ ಮುಖ್ಯ ಕಚೇರಿ ಇದೆ. ಊರಿನ ಆಚೆ ಬುರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ. ಈ ರಸ್ತೆಯ ಎಂಜಿನಿಯರುಗಳಿಗೆ ಈ ಕಮಾಂಡುಗಳು ದಿನದ ಅನ್ನ. ರಸ್ತೆ ಒಂದೇ, ಆದರೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಆ ವಿದ್ಯೆ ಇಳಿದು ಬಂದಿಲ್ಲ.

ಉಬುಂಟುವಿನಂಥ ಲಿನಕ್ಸ್ ಇದ್ದರೆ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಟರ್ಮಿನಲ್ ಎಂದು ಹುಡುಕಿ. ವಿಂಡೋಸ್‌ನಲ್ಲಿ ಪವರ್‌ಶೆಲ್ ಇದೆ. ಲಿನಕ್ಸನ್ನೇ ವಿಂಡೋಸಿನೊಳಗೆ ಕೂರಿಸಿಕೊಳ್ಳುವ ಅನುಕೂಲವೂ 2016ರಿಂದ ಇದೆ. ಕಪ್ಪು ಪರದೆ, ಮಿಣುಕುವ ಕರ್ಸರು. ನೀವು ಬರೆದದ್ದನ್ನು ಓದಿ ಕೆಲಸ ಮಾಡಿಸುವ ಮಧ್ಯವರ್ತಿಯ ಹೆಸರು ಶೆಲ್. ಕಮಾಂಡುಗಳನ್ನು ರೋಮನ್ ಲಿಪಿಯಲ್ಲೇ, ಸಣ್ಣ ಅಕ್ಷರದಲ್ಲೇ ಕೊಡಬೇಕು; ಇಲ್ಲಿ ಅವನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ‘ಪಿಡಬ್ಲ್ಯುಡಿ’. ಲೋಕೋಪಯೋಗಿ ಇಲಾಖೆಯಲ್ಲ. ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ, ಅದೂ ಅರ್ಜಿ ಇಲ್ಲದೆ. ‘ಎಲ್‌ಎಸ್’ ಎಂದರೆ ಇಲ್ಲಿ ಏನೇನಿದೆ ತೋರಿಸು. ‘ಸಿಡಿ’ ಬೇರೆ ಫೋಲ್ಡರಿಗೆ ಹೋಗಲು, ‘ಸಿಡಿ’ ಜೊತೆ ಎರಡು ಚುಕ್ಕಿ ಇಟ್ಟರೆ ಒಂದು ಮೆಟ್ಟಿಲು ಮೇಲಕ್ಕೆ. ‘ಎಂಕೆಡಿರ್’ ಹೊಸ ಫೋಲ್ಡರ್ ಮಾಡುತ್ತದೆ. ಹೆಸರನ್ನು ಪೂರ್ತಿ ಬರೆಯುವ ಕಷ್ಟವೂ ಬೇಡ. ಮೊದಲ ಎರಡಕ್ಷರ ಒತ್ತಿ ಟ್ಯಾಬ್ ಕೀಲಿ ಅದುಮಿದರೆ ಉಳಿದದ್ದನ್ನು ಶೆಲ್ಲೇ ತುಂಬುತ್ತದೆ. ಈ ಟ್ಯಾಬ್ ಒಂದನ್ನು ಮೊದಲ ದಿನವೇ ಹೇಳಿಕೊಟ್ಟರೆ ಅರ್ಧ ಜನ ಓಡಿಹೋಗುವುದಿಲ್ಲ.

ಹೆಸರುಗಳು ಇಷ್ಟು ಜಿಪುಣವಾಗಿರುವುದಕ್ಕೆ ಕಾರಣವಿದೆ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟತೊಡಗಿದಾಗ ಪರದೆ ಎಂಬುದೇ ಅಪರೂಪ. ಟೆಲಿಟೈಪ್ ಎಂಬ, ಬೆರಳಚ್ಚು ಯಂತ್ರದ ಅಣ್ಣನಂಥ ಸಾಧನದ ಮೇಲೆ ಕೆಲಸ. ಅದು ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು, ಕೀಲಿಗಳೋ ಕಲ್ಲಿನಂತೆ ಗಟ್ಟಿ. ಅಲ್ಲಿ ಉದ್ದ ಪದ ಬರೆಯುವವನಿಗೆ ಬೆರಳು ನೋವು. 1971ರ ನವೆಂಬರ್ 3ರಂದು ಬಂದ ಯೂನಿಕ್ಸಿನ ಮೊದಲ ಕೈಪಿಡಿಯಲ್ಲೇ ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ, ಎಲ್‌ಎನ್ ಎಲ್ಲ ಇವೆ. ಅರ್ಧ ಶತಮಾನ ದಾಟಿದರೂ ಅವೇ ಎರಡಕ್ಷರಗಳು, ಅದೇ ಕೆಲಸ. ವರ್ಷಕ್ಕೊಮ್ಮೆ ಗುಂಡಿಗಳ ಜಾಗ ಬದಲಿಸುವ ಆ್ಯಪುಗಳ ನಡುವೆ ಈ ಸ್ಥಿರತೆ ಸಣ್ಣದಲ್ಲ. ನಮ್ಮಲ್ಲಿ 1980ರ ದಶಕದ ಕೊನೆಯಲ್ಲಿ ಬ್ಯಾಂಕ್ ಶಾಖೆಗಳಿಗೆ ಕಂಪ್ಯೂಟರ್ ಬಂದಾಗ ಯೂನಿಕ್ಸ್ ಅವುಗಳ ಜೊತೆಯಲ್ಲೇ ಬಂತು. ಆಗ ಕಲಿತವರು ಇವತ್ತು ಟರ್ಮಿನಲ್ ಮುಂದೆ ಕುಳಿತರೂ ಪರಕೀಯರಾಗುವುದಿಲ್ಲ.

ಈಗ ಖಾತೆಯ ವಿಚಾರಕ್ಕೆ ಬರೋಣ. ಯೂನಿಕ್ಸಿನಲ್ಲಿ, ಅದರ ದಾಯಾದಿಯಾದ ಲಿನಕ್ಸಿನಲ್ಲಿ, ಡಿಸ್ಕಿನ ಮೇಲಿನ ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ದಾಖಲೆ, ಅದಕ್ಕೊಂದು ಸಂಖ್ಯೆ ಇರುತ್ತದೆ. ಅದನ್ನು ಸರ್ವೆ ನಂಬರು ಎಂದುಕೊಳ್ಳಿ. ವಿಸ್ತೀರ್ಣ ಎಷ್ಟು, ಯಾರ ಸ್ವತ್ತು, ಯಾವಾಗ ತಿದ್ದಿದ್ದು, ಡಿಸ್ಕಿನ ಎಲ್ಲೆಲ್ಲಿ ಹರಡಿದೆ ಎಲ್ಲವೂ ಅಲ್ಲಿದೆ. ಹೆಸರು ಮಾತ್ರ ಇಲ್ಲ. ಹೆಸರು ಇರುವುದು ಫೋಲ್ಡರಿನಲ್ಲಿ. ಫೋಲ್ಡರ್ ಎಂದರೆ ಪೆಟ್ಟಿಗೆಯಲ್ಲ, ರಿಜಿಸ್ಟರು: ಈ ಹೆಸರಿಗೆ ಈ ಸರ್ವೆ ನಂಬರು ಎಂದು ಸಾಲು ಸಾಲಾಗಿ ಬರೆದ ಪುಸ್ತಕ. ‘ಎಲ್‌ಎಸ್’ ಜೊತೆ ಹೈಫನ್ ಐ ಸೇರಿಸಿದರೆ ಆ ಸಂಖ್ಯೆಗಳೂ ಕಾಣುತ್ತವೆ.

‘ಎಂವಿ’ ಒಂದೇ ಕಮಾಂಡು ಹೆಸರು ಬದಲಿಸುವುದಕ್ಕೂ ಜಾಗ ಬದಲಿಸುವುದಕ್ಕೂ ಹೇಗಾಗುತ್ತದೆ ಎಂಬ ಕಗ್ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಎರಡೂ ಖಾತೆ ಬದಲಾವಣೆಯೇ. ಹಳೆಯ ಸಾಲನ್ನು ಹೊಡೆದುಹಾಕಿ ಹೊಸ ಸಾಲು ಬರೆದರೆ ಮುಗಿಯಿತು, ಹೊಲ ಅಲ್ಲಾಡುವುದಿಲ್ಲ. ಹತ್ತು ಜಿಬಿ ವಿಡಿಯೊ ಆದರೂ ಅದಕ್ಕೇ ಕಣ್ಣು ಮಿಟುಕಿಸುವುದರೊಳಗೆ ‘ಸಾಗಿ’ಬಿಡುತ್ತದೆ. ಅದೇ ವಿಡಿಯೊವನ್ನು ಪೆನ್‌ಡ್ರೈವಿಗೆ ಸಾಗಿಸಿ ನೋಡಿ, ಕಾಫಿ ಕುಡಿದು ಬರಬಹುದು. ಪೆನ್‌ಡ್ರೈವ್ ಬೇರೆ ಗ್ರಾಮ. ದೊಮ್ಮಸಂದ್ರದ ಸರ್ವೆ ನಂಬರನ್ನು ಸರ್ಜಾಪುರದ ರಿಜಿಸ್ಟರಿನಲ್ಲಿ ಬರೆಯಲಾಗದು. ಆದ್ದರಿಂದ ಅಲ್ಲಿ ಪೂರ್ತಿ ಪ್ರತಿ ಮಾಡಿ, ಆಮೇಲೆ ಇಲ್ಲಿನದನ್ನು ಅಳಿಸಬೇಕು. ಎಂವಿ ಸದ್ದಿಲ್ಲದೆ ಅದನ್ನೇ ಮಾಡುತ್ತದೆ.

‘ಎಲ್‌ಎನ್’ ಎಂದರೆ ಜಂಟಿ ಖಾತೆ: ಒಂದೇ ಸರ್ವೆ ನಂಬರಿಗೆ ಎರಡು ಹೆಸರು. ಎರಡರಲ್ಲಿ ಯಾವುದೂ ನಕಲಲ್ಲ, ಯಾವುದನ್ನು ತೆರೆದು ತಿದ್ದಿದರೂ ತಿದ್ದಿದ್ದು ಅದೇ ಕಡತ. ಇದು ಒಂದೇ ಗ್ರಾಮದೊಳಗೆ ಮಾತ್ರ ನಡೆಯುತ್ತದೆ. ಬೇರೆ ಗ್ರಾಮದ್ದನ್ನು ಸೂಚಿಸಬೇಕಾದರೆ ಹೈಫನ್ ಎಸ್ ಸೇರಿಸಬೇಕು; ಆಗ ರಿಜಿಸ್ಟರಿನಲ್ಲಿ ಇಂಥ ಕಡೆ ಹೋಗಿ ನೋಡಿ ಎಂಬ ಚೀಟಿ ಮಾತ್ರ ಉಳಿಯುತ್ತದೆ, ಅಲ್ಲಿನದು ಅಳಿದರೂ ಈ ಚೀಟಿ ಪೆಚ್ಚಾಗಿ ಅಂಟಿಕೊಂಡಿರುತ್ತದೆ. ಪ್ರತಿ ಮಾಡುವ ‘ಸಿಪಿ’ಯೊಂದೇ ನಿಜವಾಗಿ ಹೊಸ ನೆಲವನ್ನು ಸೃಷ್ಟಿಸುವುದು. ಫೋಲ್ಡರನ್ನು ಒಳಗಿದ್ದದ್ದರ ಸಮೇತ ಪ್ರತಿ ಮಾಡಲು ಹೈಫನ್ ಆರ್ ಬೇಕು. ಸರ್ಜಾಪುರದ ರಿಯಲ್ ಎಸ್ಟೇಟಿನವರ ಕೈಗೆ ಸಿಪಿ ಸಿಕ್ಕಿದ್ದರೆ ಏನಾಗುತ್ತಿತ್ತೋ! ಕೆಲವರು ಒಂದೇ ಸೈಟನ್ನು ಇಬ್ಬರಿಗೆ ಮಾರಿ ಅದನ್ನು ಪ್ರಯತ್ನಿಸಿದ್ದೂ ಉಂಟು.

‘ಆರ್‌ಎಂ’ ಎಂಬ ಅಳಿಸುವ ಕಮಾಂಡಿನ ಬಗ್ಗೆ ಎಲ್ಲರಿಗೂ ಭಯ, ಭಯಕ್ಕೆ ಅರ್ಥವೂ ಇದೆ. ಆದರೆ ಅದು ಮಾಡುವುದು ರಿಜಿಸ್ಟರಿನಿಂದ ಒಂದು ಸಾಲನ್ನು ಹೊಡೆದುಹಾಕುವ ಕೆಲಸವನ್ನಷ್ಟೇ. ಜಂಟಿ ಖಾತೆ ಇದ್ದರೆ ಇನ್ನೊಂದು ಹೆಸರಿನಲ್ಲಿ ಕಡತ ಕ್ಷೇಮವಾಗಿರುತ್ತದೆ. ಕೊನೆಯ ಹೆಸರೂ ಹೋದಾಗ ನೆಲ ಖಾಲಿ ಎಂದು ಘೋಷಣೆಯಾಗುತ್ತದೆ. ಆಗಲೂ ಅದರ ಮೇಲೆ ಬೇರೆ ಯಾರಾದರೂ ಕಟ್ಟುವ ತನಕ ಹಳೆಯ ಪೈರು ಅಲ್ಲೇ ನಿಂತಿರುತ್ತದೆ. ಹಳೆಯ ತಿರುಗುವ ಡಿಸ್ಕುಗಳಲ್ಲಿ ಅಳಿಸಿದ್ದನ್ನು ಕೆಲವೊಮ್ಮೆ ಮರಳಿ ತೆಗೆಯಲು ಸಾಧ್ಯವಾಗುವುದು ಇದರಿಂದಲೇ. ಈಗಿನ ಎಸ್‌ಎಸ್‌ಡಿಗಳು ಖಾಲಿಯಾದ ಜಾಗವನ್ನು ತಾವಾಗಿ ಗುಡಿಸಿಬಿಡುತ್ತವೆ, ಅಲ್ಲಿ ಆಸೆ ಕಡಿಮೆ. ಮೌಸಿನಿಂದ ಅಳಿಸಿದಾಗ ಸಿಗುವ ಕಸದಬುಟ್ಟಿ ಆರ್‌ಎಂಗೆ ಇಲ್ಲ.

ಸರ್ಜಾಪುರ ರಸ್ತೆಯ ಎಂಜಿನಿಯರುಗಳನ್ನು ಕೇಳಿ: ಸರ್ವರ್ ತುಂಬಿತೆಂದು ದೊಡ್ಡದೊಂದು ಲಾಗ್ ಫೈಲನ್ನು ಅಳಿಸಿದರೂ ಡಿಸ್ಕ್ ತುಂಬಿದಂತೆಯೇ ತೋರಿಸುವ ಸಂಕಟ ಅವರಿಗೆ ಚಿರಪರಿಚಿತ. ಖಾತೆ ರದ್ದಾಗಿದೆ, ಆದರೆ ಗೇಣಿದಾರ ಇನ್ನೂ ಉಳುತ್ತಿದ್ದಾನೆ. ಯಾವುದೋ ಪ್ರೋಗ್ರಾಮ್ ಆ ಕಡತವನ್ನು ತೆರೆದಿಟ್ಟುಕೊಂಡಿದೆ. ಅದು ಕೈಬಿಡುವ ತನಕ ನೆಲ ಬಿಡುಗಡೆಯಾಗದು. ಇನ್ನೊಂದು ವಿಚಿತ್ರ: ಬರೆಯಲು ನಿಮಗೆ ಅನುಮತಿಯೇ ಇಲ್ಲದ ಕಡತವನ್ನು ನೀವು ಅಳಿಸಬಹುದು, ಬರೆಯಲು ಅನುಮತಿ ಇರುವ ಕಡತವನ್ನು ಅಳಿಸಲಾಗದೆಯೂ ಹೋಗಬಹುದು. ಅಳಿಸುವುದು ಹೊಲದ ಕೆಲಸವಲ್ಲ, ರಿಜಿಸ್ಟರಿನ ಕೆಲಸ. ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಯಾರಿಗಿದೆಯೋ ಅವರ ಮಾತೇ ನಡೆಯುತ್ತದೆ. ಗ್ರಾಮ ಲೆಕ್ಕಿಗರನ್ನು ಕಂಡವರಿಗೆ ಇದು ವಿಚಿತ್ರವೆನಿಸಲಾರದು.

ನಿಜವಾಗಿ ಹೆದರಬೇಕಾದ್ದು ಆರ್‌ಎಂಗಿಂತ ಎಂವಿಗೆ ಎನ್ನುತ್ತೇನೆ ನಾನು. ಆರ್‌ಎಂ ಬರೆಯುವಾಗ ಕೈ ನಡುಗುತ್ತದೆ, ಎಂವಿ ಬರೆಯುವಾಗ ನಡುಗುವುದಿಲ್ಲ. ಹೊಸ ಹೆಸರಿನಲ್ಲಿ ಈಗಾಗಲೇ ಒಂದು ಕಡತವಿದ್ದರೆ ಎಂವಿ ಅದನ್ನು ಮರುಮಾತಿಲ್ಲದೆ ನುಂಗುತ್ತದೆ. ‘ಖಾತೆ’ ಎಂಬ ಫೋಲ್ಡರಿಗೆ ಸ್ಕ್ಯಾನುಗಳನ್ನು ಒಂದೊಂದಾಗಿ ಸಾಗಿಸುತ್ತಿದ್ದೀರಿ, ಆದರೆ ಆ ಫೋಲ್ಡರನ್ನು ಮಾಡಲು ಮರೆತಿದ್ದೀರಿ ಎನ್ನೋಣ. ಮೊದಲ ಸ್ಕ್ಯಾನಿನ ಹೆಸರೇ ‘ಖಾತೆ’ ಎಂದಾಯಿತು. ಎರಡನೆಯದು ಅದರ ಮೇಲೆ ಬಂತು, ಮೂರನೆಯದು ಎರಡನೆಯದರ ಮೇಲೆ. ಕೊನೆಗೆ ಉಳಿಯುವುದು ಒಂದೇ. ಒಂದು ದೂರೂ ಪರದೆಯ ಮೇಲೆ ಬಂದಿರುವುದಿಲ್ಲ. ಫೋಲ್ಡರಿನ ಹೆಸರಿನ ತುದಿಗೆ ಒಂದು ಓರೆಗೀಟು (ಸ್ಲ್ಯಾಶ್) ಎಳೆದಿದ್ದರೆ, ಅಂಥ ಫೋಲ್ಡರ್ ಇಲ್ಲ ಎಂದು ಮೊದಲ ಹೆಜ್ಜೆಯಲ್ಲೇ ತಡೆಯುತ್ತಿತ್ತು. ಒಂದು ಗೀಟು! ಹೈಫನ್ ಐ ಸೇರಿಸಿದರೆ ಮೇಲೆ ಬರೆಯುವ ಮುನ್ನ ಕೇಳುತ್ತದೆ, ಹೈಫನ್ ಎನ್ ಎಂದರೆ ಬರೆಯುವುದೇ ಇಲ್ಲ. ಸಿಪಿಗೂ ಇದೇ ಉಪಚಾರ.

ಕಮಾಂಡ್ ಲೈನಿನ ನಿಜವಾದ ಬಲ ಸ್ಟಾರ್ ಚಿಹ್ನೆಯಲ್ಲಿದೆ. ಹುಸ್ಕೂರು ಮದ್ದೂರಮ್ಮನ ಜಾತ್ರೆಯ ಮುಗಿಲೆತ್ತರದ ತೇರುಗಳ ಫೋಟೊಗಳು ವಾಟ್ಸ್ಆ್ಯಪಿನಿಂದ ನೂರಾರು ಬಂದು ಬಿದ್ದಿವೆ ಎನ್ನಿ. ಅವುಗಳ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಆಮೇಲೆ ಡಬ್ಲ್ಯುಎ ಎಂಬ ಗುರುತು ಇರುತ್ತದೆ. ಆ ದಿನಾಂಕ ಬರೆದು ಅದರ ಆಚೀಚೆ ಸ್ಟಾರ್ ಇಟ್ಟರೆ ಆ ದಿನದ್ದೆಲ್ಲ ಒಂದೇ ಏಟಿಗೆ ‘ಜಾತ್ರೆ’ ಫೋಲ್ಡರಿಗೆ. ಮೌಸಿನಲ್ಲಿ ಒಂದೊಂದನ್ನೇ ಆಯ್ದು ಎಳೆಯುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಮನೆಯ ಫೈಲುಗಳಿಗೂ ವರ್ಷವನ್ನು ಮೊದಲು ಬರೆಯುವ ಈ ಕ್ರಮವೇ ಒಳ್ಳೆಯದು. ಹೆಸರಿನ ಸಾಲೇ ಕಾಲದ ಸಾಲಾಗುತ್ತದೆ.

ಆ ಸ್ಟಾರನ್ನು ಬಿಡಿಸುವುದು ಎಂವಿಯೂ ಅಲ್ಲ, ಆರ್‌ಎಂ ಕೂಡ ಅಲ್ಲ, ಶೆಲ್. ಹೊಂದುವ ಹೆಸರುಗಳನ್ನೆಲ್ಲ ಅದೇ ಹುಡುಕಿ ಸಾಲಾಗಿ ಬರೆದು ಕಮಾಂಡಿನ ಕೈಗೆ ಕೊಡುತ್ತದೆ. ಫೋಲ್ಡರಿನಲ್ಲಿ ಸರಿಯಾಗಿ ಎರಡೇ ಪಿಡಿಎಫ್ ಇದ್ದು, ಎಂವಿ ಸ್ಟಾರ್ ಡಾಟ್ ಪಿಡಿಎಫ್ ಎಂದು ಬರೆದು ಎಲ್ಲಿಗೆ ಎಂದು ಹೇಳುವ ಮೊದಲೇ ಎಂಟರ್ ಒತ್ತಿದರೆ? ಎಂವಿಗೆ ಕಾಣುವುದು ಎರಡು ಹೆಸರು. ಮೊದಲನೆಯದಕ್ಕೆ ಎರಡನೆಯದರ ಹೆಸರಿಡು ಎಂದು ತಿಳಿದು ಅದು ಎರಡನೆಯದನ್ನು ಮುಗಿಸುತ್ತದೆ. ಹಾಗೆಯೇ ಆರ್‌ಎಂ ಬರೆಯುವಾಗ ‘ಜಾತ್ರೆ’ಗೂ ಸ್ಟಾರಿಗೂ ನಡುವೆ ಒಂದು ಖಾಲಿ ಜಾಗ ನುಸುಳಿದರೆ, ‘ಜಾತ್ರೆ’ಯನ್ನೂ ಅಳಿಸು, ಇಲ್ಲಿರುವ ಎಲ್ಲವನ್ನೂ ಅಳಿಸು ಎಂದಾಗುತ್ತದೆ. ಮದ್ದು ಸುಲಭ. ಅದೇ ಸ್ಟಾರನ್ನು ಮೊದಲು ಎಲ್‌ಎಸ್‌ಗೆ ಕೊಟ್ಟು ಏನೇನು ಹೊಂದುತ್ತದೆ ನೋಡಿ. ಸರಿಯಿದ್ದರೆ ಮೇಲ್ಮುಖ ಬಾಣದ ಕೀಲಿ ಒತ್ತಿ ಹಳೆಯ ಸಾಲನ್ನು ಕರೆದು, ಎಲ್‌ಎಸ್ ಇದ್ದ ಕಡೆ ಆರ್‌ಎಂ ಬರೆಯಿರಿ.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಚಿತ್ರದ ಮೂಲ ಫೋಲ್ಡರಿನಲ್ಲೇ ಅಳಿಸುವ ಕಮಾಂಡು ಓಡಿಸಿದರು. ಕಣ್ಣೆದುರೇ ಪಾತ್ರಗಳ ಫೈಲುಗಳು ಒಂದೊಂದಾಗಿ ಮಾಯವಾದವು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಆಗುತ್ತಿರಲಿಲ್ಲ. ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಹೆರಿಗೆಯ ಬಳಿಕ ಮನೆಯಿಂದ ಕೆಲಸ ಮಾಡುತ್ತಿದ್ದುದರಿಂದ ಅವರ ಮನೆಯ ಕಂಪ್ಯೂಟರಿನಲ್ಲೊಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರಂತೆ. ಈಗಿನ ಲಿನಕ್ಸಿನಲ್ಲಿ ಇಡೀ ವ್ಯವಸ್ಥೆಯ ಬೇರನ್ನೇ ಅಳಿಸು ಎಂದರೆ ಆರ್‌ಎಂ ಒಪ್ಪುವುದಿಲ್ಲ. ಆದರೆ ಬೇರಿನ ಓರೆಗೀಟಿನ ಮುಂದೆ ಸ್ಟಾರ್ ಇಟ್ಟರೆ ಒಪ್ಪುತ್ತದೆ. ಬಿಡಿಸಿದ್ದು ಶೆಲ್ ತಾನೆ, ಆರ್‌ಎಂ ಕೈಗೆ ಬಂದದ್ದು ಬರೀ ಮಾಮೂಲಿ ಹೆಸರುಗಳು.

ಇಷ್ಟೆಲ್ಲ ಹೇಳುವಾಗ ಫೈಲಿನ ಹೆಸರು ಇಂಗ್ಲಿಷಿನಲ್ಲೇ ಇರುತ್ತದೆ ಎಂದು ನಾವೇ ಅಂದುಕೊಂಡಿರುತ್ತೇವೆ. ಇರಬೇಕಿಲ್ಲ. ಲಿನಕ್ಸಿಗೆ ಹೆಸರು ಎಂದರೆ ಬೈಟುಗಳ ಸಾಲು. ಓರೆಗೀಟು ಮತ್ತು ಶೂನ್ಯ ಬೈಟು ಎರಡನ್ನು ಬಿಟ್ಟು ಏನೂ ಬರಬಹುದು. ಕನ್ನಡವನ್ನು ಬೈಟುಗಳಾಗಿಸುವುದು ಯುಟಿಎಫ್-8. ಅದನ್ನು ರೂಪಿಸಿದ್ದೂ ಅದೇ ಕೆನ್ ಥಾಂಪ್ಸನ್, ಜೊತೆಗೆ ರಾಬ್ ಪೈಕ್. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ತಟ್ಟೆಯ ಕೆಳಗಿನ ಕಾಗದದ ಮೇಲೆ ಅದರ ನಕ್ಷೆ ಬರೆದರು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಸರ್ಜಾಪುರ’ ಎಂದರೆ ಕಂಪ್ಯೂಟರಿಗೆ ಎಂಟು ಸಂಕೇತ, 24 ಬೈಟು; ರೋಮನ್ನಿನಲ್ಲಿ ಬರೆದರೆ ಒಂಬತ್ತೇ. ಲಿನಕ್ಸಿನಲ್ಲಿ ಒಂದು ಹೆಸರಿಗೆ ಮಿತಿ 255 ಬೈಟು, ಅಂದರೆ ಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ 85 ಸಂಕೇತಕ್ಕೆ ಬಾಗಿಲು ಮುಚ್ಚಿತು. ವಿಂಡೋಸ್ ಎಣಿಸುವ ರೀತಿಯಲ್ಲಿ ಕನ್ನಡದ 255 ಸಂಕೇತಗಳೂ ಹಿಡಿಯುತ್ತವೆ. ‘ದೊಡ್ಡಪ್ಪನವರ ಮನೆಯ ವಿಭಾಗಪತ್ರದ ನೋಂದಾಯಿತ ಪ್ರತಿ’ ಎಂದು ಶುರುಮಾಡಿ ಇನ್ನೂ ಎರಡು ಸಾಲು ಎಳೆಯುವ ನಮ್ಮ ಗುಮಾಸ್ತ ಶೈಲಿಯ ಫೈಲು ಅಲ್ಲಿಂದ ಇಲ್ಲಿಗೆ ಬರುವಾಗ, ಹೆಸರು ಉದ್ದವಾಯಿತು ಎಂದು ಲಿನಕ್ಸ್ ತಿರುಗಿಸಿ ಕಳಿಸುವುದು ಇದಕ್ಕೇ.

ಜೋಡಣೆಯ ಕ್ರಮದಲ್ಲೂ ಒಂದು ಕೊಸರು. ಯೂನಿಕೋಡಿನ ಕನ್ನಡ ಪಟ್ಟಿಯಲ್ಲಿ ‘ಳ’ ಕುಳಿತಿರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ‘ಬಳ್ಳಾರಿ’ ಮೊದಲು, ‘ಬಸವನಗುಡಿ’ ಆಮೇಲೆ. ನಿಘಂಟು ನೋಡಿ ಬೆಳೆದ ಕಣ್ಣಿಗೆ ಇದು ತಪ್ಪು. ಒತ್ತಕ್ಷರಗಳನ್ನಂತೂ ಬಹುತೇಕ ಟರ್ಮಿನಲ್ಲುಗಳು ಸರಿಯಾಗಿ ತೋರಿಸುವುದೇ ಇಲ್ಲ. ಅಕ್ಷರಕ್ಕೊಂದು ಚೌಕ ಎಂಬ ಟೆಲಿಟೈಪ್ ಕಾಲದ ಲೆಕ್ಕ ಅವಕ್ಕೆ ಇನ್ನೂ ಬಿಟ್ಟಿಲ್ಲ. ಒತ್ತು ಪಕ್ಕಕ್ಕೆ ಸರಿದು, ಕರ್ಸರ್ ಎಲ್ಲೋ ನಿಂತು, ಓದುವವರ ತಾಳ್ಮೆ ಪರೀಕ್ಷೆಯಾಗುತ್ತದೆ. ಆದರೂ ಹೆಸರು ಒಳಗೆ ಸರಿಯಾಗಿಯೇ ಇರುತ್ತದೆ, ಕೆಡುವುದು ನೋಟ ಮಾತ್ರ. ಕಮಾಂಡನ್ನೇ ಕನ್ನಡದಲ್ಲಿ ಬರೆಯುವ ಆಸೆ ಇದ್ದರೆ ಅದಕ್ಕೂ ದಾರಿಯಿದೆ. ಬ್ಯಾಶ್ ಶೆಲ್ಲಿನಲ್ಲಿ ‘ಏಲಿಯಾಸ್’ ಬಳಸಿ ಎಲ್‌ಎಸ್‌ಗೆ ‘ಪಟ್ಟಿ’ ಎಂದು ಅಡ್ಡಹೆಸರು ಇಟ್ಟುಕೊಂಡರೆ ಅದು ಓಗೊಡುತ್ತದೆ. ಕೀಲಿಮಣೆಯನ್ನು ಮತ್ತೆ ಮತ್ತೆ ಬದಲಿಸುವ ರೇಜಿಗೆ ಇರುವುದರಿಂದ ಹುಮ್ಮಸ್ಸು ಹೆಚ್ಚು ದಿನ ಬಾಳುವುದಿಲ್ಲ ಎಂಬುದು ಬೇರೆ ಮಾತು.

ಕನ್ನಡವೂ ಲಿನಕ್ಸೂ ಜೊತೆಯಾಗುವ ಜಾಗವೊಂದು ಗಡಿಯಾಚೆ ಇದೆ. ಕೇರಳದ ಸರ್ಕಾರಿ ಶಾಲೆಗಳು ‘ಕೈಟ್’ ಸಂಸ್ಥೆಯ ಆಶ್ರಯದಲ್ಲಿ ಲಿನಕ್ಸನ್ನೇ ಬಳಸುತ್ತವೆ. ಹಾಗಾಗಿ ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯಪುಸ್ತಕ ಹಿಡಿದು ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಸಾಫ್ಟ್‌ವೇರ್ ರಾಜಧಾನಿ ಎನಿಸಿಕೊಂಡ ನಮ್ಮ ಕಡೆಗಿಂತ ಗಡಿಯಾಚೆಯ ಕನ್ನಡಿಗರು ಈ ಒಂದು ವಿಷಯದಲ್ಲಿ ಮುಂದಿದ್ದಾರೆ. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ.

ಫೈಲಿನ ಹೆಸರಿಗೆ ಮರಳೋಣ. ಕನ್ನಡದ ಹೆಸರಿಟ್ಟವರು ಇನ್ನೊಂದು ಸೋಜಿಗ ಕಂಡಿರಬಹುದು. ಒಂದೇ ಫೋಲ್ಡರಿನಲ್ಲಿ ‘ಕೋಲಾರ’ ಎಂಬ ಎರಡು ಫೈಲು. ಒಂದೇ ರಿಜಿಸ್ಟರಿನಲ್ಲಿ ಒಂದೇ ಹೆಸರು ಎರಡು ಬಾರಿ ಬರಲು ಸಾಧ್ಯವೇ ಇಲ್ಲವಲ್ಲ? ಕಣ್ಣಿಗೆ ಮಾತ್ರ ಅವು ಒಂದೇ. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ‘ಕ’ ಮತ್ತು ಒಂದೇ ಇಡಿಯಾದ ಓತ್ವವಾಗಿ ಬರೆಯಬಹುದು. ‘ಕ’ದ ಮುಂದೆ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ, ಬೈಟುಗಳ ಲೆಕ್ಕದಲ್ಲಿ ಅವು ಬೇರೆ ಬೇರೆ ಹೆಸರುಗಳು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿದ್ದವು. ಅಲ್ಲಿಂದ ಬಂದ ಫೈಲನ್ನು ಲಿನಕ್ಸಿಗೆ ಸುರಿದರೆ ಈ ಅವಳಿಗಳು ಹುಟ್ಟುತ್ತವೆ. ಎಲ್‌ಎಸ್ ಹೈಫನ್ ಐ ಹೊಡೆದು ನೋಡಿ, ಎರಡಕ್ಕೂ ಬೇರೆ ಬೇರೆ ಸರ್ವೆ ನಂಬರು ಕಾಣುತ್ತದೆ. ಇದನ್ನು ಸರಿಪಡಿಸಲು ‘ಕಾನ್ವ್‌ಎಂವಿ’ ಎಂಬ ಸಣ್ಣ ಸಲಕರಣೆ ಇದೆ. ಅದು ಮೊದಲ ಸಲ ಯಾವ ಹೆಸರನ್ನು ಏನು ಮಾಡುತ್ತೇನೆ ಎಂದು ತೋರಿಸಿ ಸುಮ್ಮನಾಗುತ್ತದೆ, ‘ನೋಟೆಸ್ಟ್’ ಎಂದು ಸೇರಿಸಿ ಇನ್ನೊಮ್ಮೆ ಹೇಳಿದರೆ ಮಾತ್ರ ಬದಲಿಸುತ್ತದೆ. ತುಂಡು ಹೆಸರನ್ನು ಇಡಿಯಾಗಿಸುವಾಗ ಆ ಇಡಿ ಹೆಸರಿನಲ್ಲಿ ಆಗಲೇ ಒಂದು ಕಡತವಿದ್ದರೆ, ಎಂವಿಯ ಹಾಗೆ ನುಂಗದೆ, ಅದನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಆಗ ‘ಸಿಎಂಪಿ’ ಎಂಬ ಹೋಲಿಸುವ ಕಮಾಂಡಿಗೆ ಎರಡೂ ಹೆಸರು ಕೊಟ್ಟು ನೋಡಬೇಕು. ಒಳಗಿನದೆಲ್ಲ ಒಂದೇ ಆಗಿದ್ದರೆ ಅದು ಏನೂ ಹೇಳದೆ ಮುಂದಿನ ಸಾಲಿಗೆ ಬರುತ್ತದೆ, ಒಂದನ್ನು ಅಳಿಸಬಹುದು. ವ್ಯತ್ಯಾಸವಿದ್ದರೆ ಎಷ್ಟನೆಯ ಬೈಟಿನಲ್ಲಿ, ಎಷ್ಟನೆಯ ಸಾಲಿನಲ್ಲಿ ಎಂದು ಹೇಳುತ್ತದೆ. ಯಾವ ಕೋಲಾರ ಅಸಲು ಎಂದು ತೆರೆದು ಓದಿ ತೀರ್ಮಾನಿಸುವುದು ನಿಮಗೆ ಬಿಟ್ಟದ್ದು.